ಗುಮ್ಮಟ ಚೆಂದ ಬಂದಿದೆ, ಸೈಕಲ್ ಯಾಕೆ ಓಡುತ್ತಿಲ್ಲ?

ಪ್ರಶ್ನೆ: ನಾವು ಮೂವರು ಗೆಳೆಯರು, ವಿಜಯಪುರದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇವೆ. ಯೂನಿಟಿ ಎಂಬ ಗೇಮ್ ಕಟ್ಟುವ ಸಾಫ್ಟ್‌ವೇರ್ ಬಳಸಿ ಆಂಡ್ರಾಯ್ಡ್ ಫೋನಿಗಾಗಿ ಸೈಕಲ್ ರೇಸಿನ ಗೇಮ್ ಮಾಡುತ್ತಿದ್ದೇವೆ. ಕೊಲ್ಹಾರ ಸೇತುವೆಯಿಂದ ಹೊರಟು ಗೋಳಗುಮ್ಮಟದ ಮುಂದೆ ಮುಗಿಯುವ ರೇಸು. ಗುಮ್ಮಟದ ಮಾಡೆಲ್‌ಗೇ ನಾಲ್ಕು ತಿಂಗಳು ಹಿಡಿಯಿತು, ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಇಲ್ಲಿ ಸೈಕ್ಲಿಂಗ್ ತರಬೇತಿ ಪಡೆಯುವ ಹುಡುಗರ ಕೈಗೆ ಕೊಟ್ಟಾಗ ಐದು ನಿಮಿಷ ಆಡಿ, "ಗುಮ್ಮಟ ಭಾರಿ ಮಾಡೀರಿ, ಆದ್ರ ಸೈಕಲ್ ಹೊಡದಂಗ ಅನಸವಲ್ದು" ಅಂತ ಫೋನ್ ವಾಪಸ್ ಕೊಟ್ಟರು. ಏನು ಕಮ್ಮಿ ಅಂತ ಕೇಳಿದರೆ ಅವರಿಗೂ ಹೇಳಲು ಬರಲಿಲ್ಲ. ಒಬ್ಬ ಗೆಳೆಯ ಮೋಷನ್ ಕ್ಯಾಪ್ಚರ್ (ನಿಜವಾದ ಸವಾರನ ಚಲನೆಯನ್ನು ದಾಖಲಿಸಿ ಆಟಕ್ಕೆ ತರುವುದು) ಮಾಡಿಸದೆ ಜೀವ ಬರುವುದಿಲ್ಲ ಅನ್ನುತ್ತಾನೆ. ಮನೆಯವರಿಂದ ಕೂಡಿಸಿದ 80,000 ರೂಪಾಯಿ ಇದೆ. ಇನ್ನೊಬ್ಬ, ಸಣ್ಣಪುಟ್ಟ ವಿವರ ಎಂದರೆ ತಾಟಿನ ಮೂಲೆಯ ಉಪ್ಪಿನಕಾಯಿ ಇದ್ದಂತೆ, ಕೊನೆಗೆ ಬಡಿಸಿದರೂ ನಡೆಯುತ್ತದೆ ಅನ್ನುತ್ತಾನೆ. ನನಗೆ ಕನ್ನಡ ಕಾಮೆಂಟರಿ, ನಮ್ಮ ಭಾಗದ ಸೈಕ್ಲಿಸ್ಟರ ನಿಜವಾದ ಹೆಸರು ಹಾಕುವ ಆಸೆ. ಫೆಬ್ರವರಿಯಲ್ಲಿ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನ. ಎರಡು ನಿಮಿಷದ ವಿಡಿಯೊ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ವಿಡಿಯೊ ನೋಡಿದೆ. ಗುಮ್ಮಟ ನಿಜಕ್ಕೂ ಚೆಂದ ಬಂದಿದೆ, ಹುಡುಗರು ಹೇಳಿದ್ದೂ ನಿಜ. ಕಣ್ಣಿಗೆ ಎಲ್ಲ ಸರಿಯಿದ್ದರೂ ಆಡುವವನಿಗೆ ತಾನು ಸೈಕಲ್ ಮೇಲಿದ್ದೇನೆ ಅನಿಸುತ್ತಿಲ್ಲ, ದುಡ್ಡು ಸುರಿದರೆ ಈ ಕೊರತೆ ತುಂಬುತ್ತದೆಯೇ ಎನ್ನುವುದು ನಿಮ್ಮ ಚಿಂತೆ. ತುಂಬುವುದಿಲ್ಲ. ಆ 80,000 ರೂಪಾಯಿಯನ್ನು ಸದ್ಯಕ್ಕೆ ಮುಟ್ಟಬೇಡಿ.

ಮೊದಲು ನಿಮ್ಮ ವಿಡಿಯೊದಲ್ಲೇ ಕಂಡದ್ದು ಹೇಳುತ್ತೇನೆ. ಒಂದು ಕಡೆ ಮೀಟರ್ ಗಂಟೆಗೆ 18 ಕಿ.ಮೀ. ತೋರಿಸುತ್ತದೆ, ಇನ್ನೊಂದು ಕಡೆ 46. ಎರಡೂ ಕಡೆ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸವಾರನ ಕಾಲು ಒಂದು ಸುತ್ತು ಬರಲು ಎರಡೂ ಕಡೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಒಂದೇ ಪೆಡಲ್ ಅನಿಮೇಷನ್ ತಿರುಗುತ್ತಲೇ ಇದೆ, ಸೈಕಲ್ಲನ್ನು ಮಾತ್ರ ಬೇರೆ ಲೆಕ್ಕದಲ್ಲಿ ಮುಂದೆ ದೂಡಿದ್ದೀರಿ. ರಸ್ತೆ ಒಂದು ಹೇಳುತ್ತಿದೆ, ಕಾಲು ಇನ್ನೊಂದು. ದಿನಾ ಬೆಳಗ್ಗೆ ತುಳಿಯುವ ಹುಡುಗರಿಗೆ ಇದನ್ನು ಬಾಯಿಬಿಟ್ಟು ಹೇಳಲು ಬರದಿದ್ದರೂ ಮೈ ಒಪ್ಪುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ರೇಸ್ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ 50 ಹಲ್ಲು, ಹಿಂದೆ 17 ಹಲ್ಲಿನ ಗಿಯರ್ ಇದ್ದು, ನಿಮಿಷಕ್ಕೆ 90 ಸುತ್ತು ತುಳಿದರೆ ವೇಗ ಗಂಟೆಗೆ 33 ಕಿ.ಮೀ. ಆಗುತ್ತದೆ. ಅದೇ ಗಿಯರಿನಲ್ಲಿ 46 ಮುಟ್ಟಬೇಕಾದರೆ ನಿಮಿಷಕ್ಕೆ 124 ಸುತ್ತು ತುಳಿಯಬೇಕು. ಯಾರೂ ಹಾಗೆ ಬಹಳ ಹೊತ್ತು ತುಳಿಯುವುದಿಲ್ಲ, ಗಿಯರ್ ಬದಲಿಸುತ್ತಾರೆ. ಹಿಂದೆ 13 ಹಲ್ಲಿಗೆ ಬಂದರೆ 95 ಸುತ್ತು ಸಾಕು. ನಿಮ್ಮ ಕೋಡಿನಲ್ಲಿ ವೇಗ, ಗಿಯರ್, ಕಾಲಿನ ಸುತ್ತು ಈ ಮೂರನ್ನು ಒಂದಕ್ಕೊಂದು ಕಟ್ಟಿಹಾಕಿ. ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಬರಬೇಕು. ಹೀಗೆ ಗಿಯರ್ ಏರಿಸಿದ ಕ್ಷಣ ಕಾಲಿನ ವೇಗ ತಟ್ಟನೆ ಇಳಿಯಬೇಕು, ಜೊತೆಗೆ ಚೈನ್ ಹಲ್ಲು ಹತ್ತುವ 'ಖಟಕ್' ಕೇಳಬೇಕು. ಕಾಲು ನಿಲ್ಲಿಸಿದ್ದಾಗ ಗುಂಡಿ ಒತ್ತಿದರೆ ಚೈನ್ ಜರುಗಬಾರದು, ಮತ್ತೆ ತುಳಿದಾಗ ಜರುಗಬೇಕು. ಇಷ್ಟು ಮಾಡಿ ಅದೇ ಹುಡುಗರ ಕೈಗೆ ಕೊಟ್ಟರೆ ಅವರ ಮಾತು ಬೇರೆಯಾಗುತ್ತದೆ.

ನಿಮ್ಮ ಉಪ್ಪಿನಕಾಯಿ ಗೆಳೆಯನಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ಕ್ರೀಡಾ ಗೇಮ್‌ಗಳ ಅನಿಮೇಷನ್, ಸೌಂಡ್ ಕೆಲಸ ಮಾಡುತ್ತಾ ನಾನು ವಿವರಗಳನ್ನು ಎರಡು ರಾಶಿ ಮಾಡಿಕೊಂಡಿದ್ದೇನೆ. ಆಡುವವ ಏನೋ ಮಾಡಿದ್ದಕ್ಕೆ ಉತ್ತರವಾಗಿ ಬರುವವು ಒಂದು ರಾಶಿ. ಅವನು ಏನು ಮಾಡಿದರೂ ಮಾಡದಿದ್ದರೂ ತಮ್ಮಷ್ಟಕ್ಕೆ ತಾವು ಇರುವವು ಇನ್ನೊಂದು. ಗುಮ್ಮಟದ ದಳ, ಸವಾರನ ಹೆಲ್ಮೆಟ್ಟಿನ ಹೊಳಪು, ರಸ್ತೆ ಬದಿಯ ಬೋರ್ಡು ಎರಡನೆಯ ರಾಶಿಗೆ ಸೇರುತ್ತವೆ. ಕೊನೆಗೆ ಬಡಿಸಬಹುದಾದದ್ದು ಅದು. ಮೊದಲ ರಾಶಿ ಆಟದ ಮೈಯೇ ಆಗಿರುವುದರಿಂದ ಕೊನೆಗೆ ಅಂತ ಇಟ್ಟರೆ ಸೇರಿಸಲು ಜಾಗವೇ ಉಳಿದಿರುವುದಿಲ್ಲ. ಗಿಯರ್ ಲೆಕ್ಕವಿಲ್ಲದೆ ಬರೆದ ಕೋಡಿಗೆ ಆಮೇಲೆ ಗಿಯರ್ ತೂರಿಸುವ ಸಂಕಟ ನಿಮಗೆ ಈಗಲೇ ಕಾಣುತ್ತಿರಬೇಕು.

ಇನ್ನು ಮೋಷನ್ ಕ್ಯಾಪ್ಚರ್. ಇದರ ಸುತ್ತ ಒಂದು ಭ್ರಮೆ ಬೆಳೆದಿದೆ. ಫಿಫಾ 22 ಎಂಬ ಫುಟ್‌ಬಾಲ್ ಗೇಮ್‌ಗೆ ಇಎ ಕಂಪನಿ 22 ಆಟಗಾರರಿಗೆ ಸೆನ್ಸರ್ ಇರುವ ಉಡುಪು ತೊಡಿಸಿ, ಪೂರ್ತಿ ಪಂದ್ಯವನ್ನೇ ಆಡಿಸಿ ಚಲನೆ ದಾಖಲಿಸಿತ್ತು. ಅದರ ಜಾಹೀರಾತು ನೋಡಿದವರಿಗೆಲ್ಲ ಜೀವಂತಿಕೆ ಎಂದರೆ ಇದೇ ಅನಿಸಿತು. ಆದರೆ ಫುಟ್‌ಬಾಲಿಗೆ ಅದು ಯಾಕೆ ಬೇಕು? ಅಲ್ಲಿ ಆಟಗಾರನ ಕಾಲು ಪ್ರತಿ ಹೆಜ್ಜೆಗೂ ನೆಲದ ಬೇರೆ ಜಾಗದಲ್ಲಿ ಊರುತ್ತದೆ. ಓಡುವ ವೇಗಕ್ಕೂ ಹೆಜ್ಜೆಗೂ ತುಸು ತಾಳ ತಪ್ಪಿದರೂ ಕಾಲು ಐಸ್ ಮೇಲೆ ಜಾರಿದಂತೆ ಕಾಣುತ್ತದೆ. ಆ ಕಾಲು ಜಾರುವಿಕೆಯ ಜೊತೆ ಗುದ್ದಾಡಿಯೇ ಎಷ್ಟೋ ಅನಿಮೇಟರುಗಳ ತಲೆ ಬೆಳ್ಳಗಾಗಿದೆ.

ನಿಮಗೆ ಆ ತಾಪತ್ರಯವಿಲ್ಲ. ಸೈಕಲ್ ಸವಾರನ ಮೈ ಐದು ಕಡೆ ಬಂಧಿ: ಎರಡು ಕೈ ಹ್ಯಾಂಡಲ್ ಮೇಲೆ, ಎರಡು ಪಾದ ಪೆಡಲ್ ಮೇಲೆ, ಕುಂಡೆ ಸೀಟಿನ ಮೇಲೆ. ಪೆಡಲ್ ಎಲ್ಲಿದೆ ಎಂದು ಗೊತ್ತಾದರೆ ಮಂಡಿ ಎಲ್ಲಿರಬೇಕು ಎಂದು ಗಣಿತವೇ ಹೇಳುತ್ತದೆ. ಇನ್ವರ್ಸ್ ಕೈನೆಮ್ಯಾಟಿಕ್ಸ್ ಎನ್ನುವ ಈ ಸೌಲಭ್ಯ ಯೂನಿಟಿಯಲ್ಲೇ ಸಿಗುತ್ತದೆ, ಬಿಟ್ಟಿಯಾಗಿ. ಅದರ ಮೇಲೆ ನೀವು ಕೈಯಾರೆ ಸೇರಿಸಬೇಕಾದ್ದು ನಾಲ್ಕೈದು ಚಲನೆ ಮಾತ್ರ. ಸೀಟಿನಿಂದೆದ್ದು ತುಳಿಯುವಾಗ ಸೈಕಲ್ ಎಡಕ್ಕೆ ಬಲಕ್ಕೆ ವಾಲುವುದು, ದಣಿದಾಗ ತಲೆ ತಗ್ಗುವುದು, ಹಿಂದೆ ಯಾರಿದ್ದಾರೆಂದು ಭುಜದ ಮೇಲಿಂದ ಇಣುಕುವುದು, "ಇನ್ನು ನೀ ಮುಂದೆ ಬಾ" ಎಂದು ಹಿಂದಿನವನಿಗೆ ಮೊಣಕೈ ಆಡಿಸಿ ಸನ್ನೆ ಮಾಡುವುದು. ಗೆರೆ ದಾಟುವಾಗ ಕೈ ಚಾಚಿ ಸೈಕಲ್ಲನ್ನು ಮುಂದಕ್ಕೆ ಎಸೆಯುವಂತೆ ದೂಡುವುದಂತೂ ಬೇಕೇ ಬೇಕು. ಮುಂಗಾಲಿಯ ಟೈರು ಗೆರೆಯ ಅಂಚು ಮುಟ್ಟಿದ ಕ್ಷಣವೇ ರೇಸಿನ ಕೊನೆ ಎನ್ನುವುದು ನಿಯಮ, ಹಾಗಾಗಿ ಆ ದೂಡುವಿಕೆಯಿಂದ ಸೋಲು ಗೆಲುವು ಅದಲುಬದಲಾಗುತ್ತದೆ. ನಿಮ್ಮ ಆಟದಲ್ಲಿ ಅದಕ್ಕೊಂದು ಗುಂಡಿ ಕೊಡಿ. ಬೇಗ ಒತ್ತಿದರೆ ವೇಗ ಕಳೆದುಕೊಳ್ಳಲಿ, ತಡ ಮಾಡಿದರೆ ಉಪಯೋಗವಿಲ್ಲದಂತಾಗಲಿ.

ಮುಖಗಳ ಗೋಜಿಗೆ ಹೋಗಬೇಡಿ. ಹೆಚ್ಚು ಕಡಿಮೆ ಮನುಷ್ಯನಂತಿದ್ದೂ ಪೂರ್ತಿ ಮನುಷ್ಯನಲ್ಲದ ಮುಖ ನೋಡಿದಾಗ ಆಗುವ ಇರಿಸುಮುರಿಸಿನ ಬಗ್ಗೆ ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. ನಿಮ್ಮ ಪುಣ್ಯಕ್ಕೆ ಸೈಕ್ಲಿಸ್ಟರು ಹೆಲ್ಮೆಟ್ಟು, ತಂಪು ಕನ್ನಡಕ ಹಾಕುತ್ತಾರೆ.

ಈಗ ಶಬ್ದಕ್ಕೆ ಬರೋಣ. ನಿಮ್ಮ ವಿಡಿಯೊದಲ್ಲಿ ಹಿನ್ನೆಲೆ ಸಂಗೀತ ಬಿಟ್ಟರೆ ಏನೂ ಇಲ್ಲ, ಕೊನೆಗೊಂದು ಚಪ್ಪಾಳೆ ಬಿಟ್ಟರೆ. ಕ್ರೀಡಾ ಗೇಮ್‌ಗಳಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವುದು ಕಿವಿ ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ (ಅನಿಮೇಷನ್ ಕಡೆಯ ಗೆಳೆಯರು ಇದಕ್ಕೆ ನನ್ನ ಮೇಲೆ ಸಿಟ್ಟಾಗುತ್ತಾರೆ).

ಫ್ರೀವೀಲ್ ತೆಗೆದುಕೊಳ್ಳಿ. ತುಳಿಯುವುದು ನಿಲ್ಲಿಸಿದ ಕೂಡಲೇ ಹಿಂದಿನ ಗಾಲಿಯಿಂದ 'ಟಿಕ್ ಟಿಕ್' ಶುರುವಾಗುತ್ತದೆ, ತುಳಿದರೆ ನಿಲ್ಲುತ್ತದೆ. ಗಾಲಿ ಒಂದು ಸುತ್ತು ಬಂದರೆ 24 ಸಲ ಟಿಕ್ ಎನ್ನುವ ಹಬ್ (ಗಾಲಿಯ ನಡುವಿನ ಗುಂಬ) ಎಂದು ಹಿಡಿಯಿರಿ. ಗಂಟೆಗೆ 9 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 29 ಟಿಕ್ ಬರುತ್ತದೆ, ಕಿವಿಗೆ ಒಂದೊಂದೂ ಬಿಡಿಬಿಡಿಯಾಗಿ ಸಿಗುತ್ತದೆ. 36 ಕಿ.ಮೀ. ವೇಗದಲ್ಲಿ 114. ಆಗ ಅದು ಟಿಕ್ ಅಲ್ಲ, ಜೀರುಂಡೆಯ 'ಜೀಂ'. ಒಂದೇ ರೆಕಾರ್ಡಿಂಗನ್ನು ಎಲ್ಲ ವೇಗಕ್ಕೂ ಸುತ್ತಿಸಿದರೆ ಮೋಸ ಗೊತ್ತಾಗುತ್ತದೆ. ನಿಧಾನ, ನಡು, ಜೋರು ಎಂದು ಮೂರು ರೆಕಾರ್ಡಿಂಗ್ ಇಟ್ಟುಕೊಂಡು ವೇಗಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಜಾರಿಸಿ. ಇದರಿಂದ ಆಟದಲ್ಲೂ ಒಂದು ಲಾಭವಿದೆ. ನಿಮ್ಮ ಹಿಂದೆಯೇ ಇರುವ ಎದುರಾಳಿ ತುಳಿಯುವುದು ನಿಲ್ಲಿಸಿದರೆ ಅವನ 'ಜೀಂ' ನಿಮಗೆ ಕೇಳುತ್ತದೆ, ಅವನು ನಿಮ್ಮ ನೆರಳಿನಲ್ಲಿ ಆರಾಮಾಗಿ ಬರುತ್ತಿದ್ದಾನೆ ಎಂದು ತಿಳಿಯುತ್ತದೆ. ಒಂದು ಎಚ್ಚರಿಕೆ: ಮುಂದೆ ವೆಲೊಡ್ರೋಮ್ (ಸೈಕಲ್ ರೇಸಿನ ಸುತ್ತು ಟ್ರ್ಯಾಕ್) ಹಂತ ಸೇರಿಸಿದರೆ ಅಲ್ಲಿ ಈ ಶಬ್ದ ಬರಲೇಕೂಡದು. ಟ್ರ್ಯಾಕ್ ಸೈಕಲ್ಲಿಗೆ ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ, ಗಾಲಿ ತಿರುಗುವಷ್ಟು ಹೊತ್ತು ಕಾಲೂ ತಿರುಗಲೇಬೇಕು. ಅಲ್ಲಿ 'ಟಿಕ್ ಟಿಕ್' ಹಾಕಿದರೆ ಚಂದರಗಿ ಕ್ರೀಡಾ ಶಾಲೆಯ ಹುಡುಗರು ಮೊದಲ ಸುತ್ತಿನಲ್ಲೇ ನಗುತ್ತಾರೆ.

ಗಾಳಿಯ ವಿಷಯ ಇನ್ನೂ ದೊಡ್ಡದು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಹೋಗುವ ಸವಾರನ ಶ್ರಮದ ಬಹುಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ತಡೆಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, 30ರಿಂದ 40ಕ್ಕೆ ಏರಲು ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಇನ್ನೊಬ್ಬನ ಹಿಂದಿನ ಗಾಲಿಗೆ ಅಂಟಿಕೊಂಡು ಹೋದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ರೋಡ್ ರೇಸಿನ ತಂತ್ರವೆಲ್ಲ ಇದರ ಮೇಲೇ ನಿಂತಿದೆ. ನಿಮ್ಮ ಆಟದಲ್ಲಿ ಇದಕ್ಕೆ ಒಂದು ನೀಲಿ ಪಟ್ಟಿ ಇಟ್ಟಿದ್ದೀರಿ, ಹಿಂದೆ ಬಂದರೆ ಪಟ್ಟಿ ತುಂಬುತ್ತದೆ. ಲೆಕ್ಕ ಸರಿಯಾಗಿದೆ, ಆದರೆ ರಸ್ತೆಯ ಮೇಲೆ ಯಾರಿಗೂ ನೀಲಿ ಪಟ್ಟಿ ಕಾಣುವುದಿಲ್ಲ. ಅವರಿಗೆ ಗೊತ್ತಾಗುವುದು ಕಿವಿಯಿಂದ. ಒಂಟಿಯಾಗಿ ಮುಂದಿದ್ದಾಗ ಗಾಳಿ ಕಿವಿಯಲ್ಲಿ ಭೋರ್ಗರೆಯುತ್ತದೆ. ಇನ್ನೊಬ್ಬನ ಹಿಂದೆ ಸೇರಿದ ಕ್ಷಣ ಅದು ತಗ್ಗಿ, ಚೈನಿನ ಸದ್ದು, ಪಕ್ಕದವನ ಏದುಸಿರು ಕೇಳತೊಡಗುತ್ತದೆ. ಗಾಳಿ ಶಬ್ದದ ಮಟ್ಟವನ್ನು ನಿಮ್ಮ ಲೆಕ್ಕದ ಗಾಳಿ ತಡೆಗೇ ಜೋಡಿಸಿ. ಒಂದು ದಿನದ ಕೆಲಸ. ಆಮೇಲೆ ಪಟ್ಟಿ ಬೇಕೋ ಬೇಡವೋ ನೀವೇ ನೋಡಿ.

ಜೋಳದ ಹೊಲವನ್ನು ರಸ್ತೆಯ ಎರಡೂ ಬದಿ ಬೆಳೆಸಿದ್ದೀರಿ, ಸಂತೋಷ. ಆದರೆ ತೆನೆಗಳು ಮಿಸುಕುವುದೇ ಇಲ್ಲ. ನಿಮ್ಮ ಭಾಗದ ಬಯಲಿನಲ್ಲಿ ಗಾಳಿಗೆ ಅಡ್ಡ ಬರುವುದು ಕಮ್ಮಿ. ಬೀಸುವ ದಿಕ್ಕಿಗೆ ತೆನೆ ವಾಲಲಿ. ಆಡುವವ ಹೊಲ ನೋಡಿ, ಗಾಳಿ ಎಡಗಡೆಯಿಂದ ಬರುತ್ತಿದೆ, ನಾನು ಮುಂದಿನವನ ಬಲಕ್ಕೆ ತುಸು ಹಿಂದೆ ಇರಬೇಕು ಎಂದು ತೀರ್ಮಾನಿಸುವಂತಾಗಲಿ. ಅಡ್ಡಗಾಳಿಯಲ್ಲಿ ರೇಸಿನವರು ಹೀಗೇ ಓರೆ ಸಾಲು ಕಟ್ಟುತ್ತಾರೆ. ಇಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಹೊಲ ಆಗ ರೇಸಿನ ಒಳಗೆ ಬಂದಂತೆ. ಕಬ್ಬಿನ ಟ್ರ್ಯಾಕ್ಟರನ್ನೂ ಹೀಗೇ ಬಳಸಬಹುದು. ಕಬ್ಬು ಕಟಾವಿನ ಕಾಲದಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರ್ ಇಲ್ಲದ ರಸ್ತೆ ಬಾಗಲಕೋಟೆ ಕಡೆ ಎಲ್ಲಿದೆ? ಅದರ ಹಿಂದೆ ಗಾಳಿಯಿಲ್ಲ, ಪಕ್ಕಕ್ಕೆ ಬಂದ ಕೂಡಲೇ ಗಾಳಿ ಹೊಡೆಯುತ್ತದೆ, ಹ್ಯಾಂಡಲ್ ಅಲುಗುತ್ತದೆ. ರೇಸಿನ ಹಂತದಲ್ಲಿ ಬೇಡ, ಅಭ್ಯಾಸದ ಹಂತಕ್ಕೆ ಇರಲಿ. ಅದರ ಹಿಂದೆಯೇ ಅಂಟಿಕೊಂಡರೆ ಅಂಕ ಸಿಗುವಂತೆ ಮಾತ್ರ ಮಾಡಬೇಡಿ. ರಸ್ತೆಯಲ್ಲಿ ಹಾಗೆ ಮಾಡುವ ಹುಡುಗರು ಈಗಾಗಲೇ ಇದ್ದಾರೆ.

ನಿಮ್ಮ ಬಳಿ ಇರುವ ದೊಡ್ಡ ಆಸ್ತಿ ಎಂದರೆ ನನ್ನ ಮಟ್ಟಿಗೆ ಗುಮ್ಮಟಕ್ಕಿಂತ ಕೊಲ್ಹಾರದ ಸೇತುವೆ. ಕೃಷ್ಣೆಯ ಹಿನ್ನೀರಿನ ಮೇಲೆ ಅಷ್ಟುದ್ದ ಹೋಗುವ ಸೇತುವೆಯಲ್ಲಿ ಗಾಳಿಗೆ ಮರೆಯಿಲ್ಲ, ಮತ್ತೆ ಮತ್ತೆ ಕಾಂಕ್ರೀಟಿನ ಸಂದು ಬರುತ್ತದೆ. ಸೈಕಲ್ ಸಂದು ದಾಟುವಾಗ ಎರಡು ಸದ್ದು ಬರುತ್ತದೆ, ಮುಂಗಾಲಿಯ 'ಧಡ್', ಹಿಂಗಾಲಿಯ 'ಧಡ್'. ಎರಡು ಗಾಲಿಗಳ ನಡುವೆ ಸುಮಾರು ಒಂದು ಮೀಟರ್ ಅಂತರ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ ಹತ್ತು ಮೀಟರ್, ಆದ್ದರಿಂದ ಎರಡು ಸದ್ದಿನ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ. 18 ಕಿ.ಮೀ.ಗೆ ಇಳಿದರೆ ಅಂತರ ಎರಡು ಪಟ್ಟಾಗುತ್ತದೆ. ಇದನ್ನು ಹಾಗೇ ಕೋಡಿಗೆ ಇಳಿಸಿ, ಪ್ರತಿ 'ಧಡ್'ಗೂ ಫೋನ್ ಒಂದಿಷ್ಟು ನಡುಗಲಿ. ಮೀಟರ್ ನೋಡದೆಯೇ ವೇಗ ಎಷ್ಟೆಂದು ಆಡುವವನಿಗೆ ಅಂದಾಜು ಸಿಗುತ್ತದೆ. ಸಂದಿನಿಂದ ಸಂದಿಗೆ ದೂರ ಎಷ್ಟೆಂದು ಸೇತುವೆಯ ಮೇಲೇ ಹೋಗಿ ಅಳೆದುಕೊಂಡು ಬನ್ನಿ, ಬೆಳಗಿನ ಜಾವ, ಲಾರಿ ಕಮ್ಮಿ ಇರುವ ಹೊತ್ತು.

ಗುಮ್ಮಟದ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ, ಒಂದು ಲೆಕ್ಕ ಹೇಳುತ್ತೇನೆ. ಅದರ ಹೊರ ವ್ಯಾಸ ಸುಮಾರು 44 ಮೀಟರ್. ಐದು ಕಿಲೋಮೀಟರ್ ದೂರದಿಂದ ಅದು ಕಣ್ಣಿಗೆ ಅರ್ಧ ಡಿಗ್ರಿ ಅಗಲ ಕಾಣುತ್ತದೆ, ಹುಣ್ಣಿಮೆಯ ಚಂದ್ರನಷ್ಟು. 2400 ಪಿಕ್ಸೆಲ್ ಅಗಲದ ಫೋನಿನಲ್ಲಿ 60 ಡಿಗ್ರಿ ನೋಟ ಇಟ್ಟರೆ ಅದು ಕೇವಲ 20 ಪಿಕ್ಸೆಲ್. ರೇಸಿನ ಬಹುಪಾಲು ದಾರಿಯಲ್ಲಿ ನಿಮ್ಮ ನಾಲ್ಕು ತಿಂಗಳ ಕೆತ್ತನೆ 20 ಪಿಕ್ಸೆಲ್ಲಿನ ಅಥವಾ ಅದಕ್ಕೂ ಚಿಕ್ಕ ಒಂದು ಬುಗುಟು. ದೂರಕ್ಕೆ ಒರಟಾದ ಹಗುರ ಮಾಡೆಲ್ ಸಾಕು, ನಿಮ್ಮ ಒಳ್ಳೆಯ ಮಾಡೆಲ್ ಕೊನೆಯ ಅರ್ಧ ಕಿಲೋಮೀಟರಿಗೆ ಬರಲಿ. ಆ ಬುಗುಟನ್ನು ಮರೆಸಬೇಡಿ ಮಾತ್ರ. ಈಗ ನೀವು ಹಾಕಿರುವ ಮಂಜು ಅದನ್ನು ಕೊನೆಯವರೆಗೂ ನುಂಗಿದೆ. ಮಂಜು ತೆಳುವಾಗಿಸಿ, ದಿಗಂತದಲ್ಲಿ ಕಾಣಿಸಿ, ತುಳಿದಂತೆಲ್ಲ ದೊಡ್ಡದಾಗಲಿ. ಊರು ಇನ್ನೆಷ್ಟು ದೂರ ಎನ್ನುವುದಕ್ಕೆ ಬೇರೆ ಸೂಚನೆ ಬೇಕಾಗುವುದಿಲ್ಲ.

ಕಾಮೆಂಟರಿಯ ಆಸೆ ನನಗೆ ಅರ್ಥವಾಗುತ್ತದೆ. ಇಎ ಕಂಪನಿಯ ಕ್ರಿಕೆಟ್ 07 ಆಡಿ ಬೆಳೆದವರಿಗೆ ಮಾರ್ಕ್ ನಿಕೋಲಸ್, ರಿಚಿ ಬೆನೊ ದನಿ ಈಗಲೂ ಕಿವಿಯಲ್ಲಿರುತ್ತದೆ. ಅಷ್ಟೇ ಅಲ್ಲ, ಅದೇ ಸಾಲು ಮತ್ತೆ ಮತ್ತೆ ಬಂದು ಬಾಯಿಪಾಠವಾದದ್ದೂ ನೆನಪಿರುತ್ತದೆ. ಕಾಮೆಂಟರಿಯ ಅಪಾಯ ಇದೇ. ಮೊದಲ ಸಲ ರೋಮಾಂಚನ, ಹತ್ತನೇ ಸಲ ಕಿರಿಕಿರಿ. ದೊಡ್ಡ ಕಂಪನಿಗಳು ಸಾವಿರಾರು ಸಾಲು ರೆಕಾರ್ಡ್ ಮಾಡಿ ಇದನ್ನು ನಿಭಾಯಿಸುತ್ತವೆ, ನಿಮ್ಮ ಮೂವರಿಂದ ಆಗದು. ಬದಲಿಗೆ ನಿಮ್ಮ ಕಡೆ ಜಾತ್ರೆಯ ಸೈಕಲ್ ಸ್ಪರ್ಧೆಯಲ್ಲಿ ಮೈಕ್ ಹಿಡಿದು ಒದರುವವರು ಇರುತ್ತಾರಲ್ಲ, ಅವರನ್ನು ತನ್ನಿ. ಅವರ ದನಿ ಕೇಳುವುದು ಮುಕ್ತಾಯದ ಹತ್ತಿರ ಮಾತ್ರ, ಹಾಗಾಗಿ ಮೂವತ್ತು ನಲವತ್ತು ಸಾಲು ಸಾಕು. ಕಬ್ಬಿಣದ ತುತ್ತೂರಿ ಸ್ಪೀಕರಿನಿಂದ ಬರುವ ದನಿ ಹೇಗೂ ಒಡಕು, ಮನೆಯಲ್ಲಿ ಫೋನಿನಿಂದ ಮಾಡಿದ ರೆಕಾರ್ಡಿಂಗಿನ ಕೊರತೆಯೂ ಅದರಲ್ಲಿ ಮುಚ್ಚಿಹೋಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ದೂರದ ಸ್ಪೀಕರಿನ ದನಿಯನ್ನು ಆ ಲೆಕ್ಕದಲ್ಲಿ ತಡಮಾಡಿ, ಹತ್ತಿರ ಇರುವುದಕ್ಕಿಂತ ಮಂಕಾಗಿಸಿ. ಅದೇ ಮಾತು ಎರಡು ಕಡೆಯಿಂದ ಒಂದರ ಹಿಂದೆ ಒಂದು ಕೇಳಿದರೆ ಜಾತ್ರೆಯ ಬಯಲು ತಾನಾಗಿ ಕಣ್ಣಮುಂದೆ ಬರುತ್ತದೆ. ಸ್ಟುಡಿಯೋದಲ್ಲಿ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಓದಿಸಿದರೆ ಇದರ ಅರ್ಧವೂ ಬರುವುದಿಲ್ಲ.

ಬದಿಯಲ್ಲಿ ನಿಂತ ಜನ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆಯುತ್ತಿದ್ದಾರೆ. ಪ್ರತಿಯೊಬ್ಬರ ಅನಿಮೇಷನ್ ಬೇರೆ ಬೇರೆ ಕ್ಷಣದಿಂದ ಶುರುವಾಗುವಂತೆ ಮಾಡಿದರೆ ಮುಗಿಯಿತು, ಎರಡು ಸಾಲಿನ ಕೋಡು.

ನಿಜವಾದ ಹೆಸರುಗಳ ವಿಷಯ. ಯಾವ ಸೈಕ್ಲಿಸ್ಟರ ಹೆಸರನ್ನಾಗಲಿ ಮುಖವನ್ನಾಗಲಿ ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬೇಡಿ. ಕಾಲೇಜಿನಲ್ಲಿ ಯಾರೂ ಕೇಳಲಿಕ್ಕಿಲ್ಲ, ಪ್ಲೇ ಸ್ಟೋರಿಗೆ ಹಾಕಿದ ದಿನ ತಕರಾರು ಏಳಬಹುದು. ಸೈಕಲ್ ಕಂಪನಿಗಳ ಲೋಗೊಗಳಿಗೂ ಇದೇ ಮಾತು. ಹೆಸರಿಲ್ಲದಿದ್ದರೆ ಆಟ ಸಪ್ಪೆ ಎನ್ನುವುದೂ ಪೂರ್ತಿ ನಿಜವಲ್ಲ. ಕೊನಾಮಿ ಕಂಪನಿಯ ಪ್ರೊ ಎವಲ್ಯೂಷನ್ ಸಾಕರ್‌ನಲ್ಲಿ ಪರವಾನಗಿ ಇಲ್ಲದ ಕಾರಣ ಲಿವರ್‌ಪೂಲ್ ತಂಡ 'ಮರ್ಸಿಸೈಡ್ ರೆಡ್' ಆಗಿತ್ತು. ಆದರೂ ಕಾಲಿಗೆ ಚೆಂಡು ಸಿಕ್ಕಾಗಿನ ಅನುಭವಕ್ಕಾಗಿಯೇ ಜನ ಅದನ್ನು ವರ್ಷಗಟ್ಟಲೆ ಬಿಡದೆ ಆಡಿದರು. ನಿಮ್ಮಲ್ಲಿ ಕಲ್ಪಿತ ಹೆಸರುಗಳಿರಲಿ, ನಿಮ್ಮ ಸೀಮೆಯಲ್ಲಿ ಕೇಳಿಬರುವ ಹೆಸರು ಅಡ್ಡಹೆಸರುಗಳನ್ನು ಬೆರೆಸಿ ಕಟ್ಟಿದರೆ ಸಾಕು.

ಫೋನಿನ ಮಿತಿಗಳನ್ನು ಮರೆತರೆ ಇಷ್ಟೆಲ್ಲ ಮಾಡಿಯೂ ಕೆಡುತ್ತದೆ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಫೋನ್ ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗ ಇಳಿಸುತ್ತದೆ. ಸೆಕೆಂಡಿಗೆ 60 ಚಿತ್ರ ಎಂದು ಶುರುವಾದದ್ದು ಮಧ್ಯೆ ಮುಗ್ಗರಿಸತೊಡಗುತ್ತದೆ. 60 ಎಂದರೆ ಒಂದೊಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 30 ಎಂದರೆ 33.3. ಏರಿಳಿಯುವ 60ಕ್ಕಿಂತ ಅಲುಗದ 30 ಮೇಲು. ಪುಟ್ಟ ಸ್ಪೀಕರಿನಲ್ಲಿ ಮಂದ್ರ ದನಿ ಬರುವುದೇ ಇಲ್ಲ, ಆದ್ದರಿಂದ ಸೇತುವೆಯ 'ಧಡ್' ತುಸು ಮೇಲಿನ ದನಿಯಲ್ಲೂ ಇರಬೇಕು. ಬ್ಲೂಟೂತ್ ಇಯರ್‌ಫೋನಿನಲ್ಲಿ ಶಬ್ದ ತಡವಾಗಿ ತಲುಪುತ್ತದೆ. ಚಿತ್ರಕ್ಕಿಂತ ಶಬ್ದ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರಿಗೆ ವ್ಯತ್ಯಾಸ ತಿಳಿಯತೊಡಗುತ್ತದೆ ಎಂಬುದು ಪ್ರಸಾರ ಕ್ಷೇತ್ರದ ಅಂತರರಾಷ್ಟ್ರೀಯ ಅಳತೆ. ಶಬ್ದ ಮುಂದಾದರಂತೂ 45ಕ್ಕೇ. ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ ದನಿ ಬಂದ್ ಮಾಡಿ ಆಡುವವರೂ ಬಹಳ. ಹಾಗಾಗಿ ಮುಖ್ಯವಾದ ಪ್ರತಿ ಸೂಚನೆಯೂ ಎರಡು ದಾರಿಯಿಂದ ಬರಲಿ: ಗಾಳಿ ಕಿವಿಗೂ ಕೇಳಲಿ, ಜೆರ್ಸಿಯ ಪಟಪಟದಲ್ಲೂ ಕಾಣಲಿ. ಕ್ಯಾಮೆರಾ ಕುಲುಕಿಸುವ ಆಸೆ ಹುಟ್ಟುತ್ತದೆ, ಅದನ್ನು ಬಂದ್ ಮಾಡುವ ಆಯ್ಕೆ ಕೊಡಿ. ಕೆಲವರಿಗೆ ತಲೆಸುತ್ತು ಬರುತ್ತದೆ.

ಇನ್ನೊಂದು ಅಪಾಯ ನಿಮ್ಮ ಉತ್ಸಾಹದ್ದೇ. ಇಷ್ಟು ಓದಿದ ಮೇಲೆ ಬೆವರು, ಧೂಳು, ನೀರಿನ ಬಾಟಲಿ, ಬೆನ್ನಿಗೆ ಪಿನ್ನು ಹಾಕಿದ ನಂಬರು ಎಲ್ಲವನ್ನೂ ಸೇರಿಸಬೇಕು ಅನಿಸುತ್ತದೆ. ಬಾಟಲಿ ಇಟ್ಟರೆ ಆಡುವವ ಅದನ್ನು ಕುಡಿಯಲು ನೋಡುತ್ತಾನೆ. ಕುಡಿಯಲು ಬರದಿದ್ದರೆ ಇಡದಿರುವುದೇ ವಾಸಿ. ಯಾವುದನ್ನು ಉಳಿಸಬೇಕೆಂಬುದಕ್ಕೆ ನಾನು ಮಾಡುವ ಪರೀಕ್ಷೆ ಸರಳ. ಪರದೆಯ ಮೇಲಿನ ಮೀಟರ್, ಪಟ್ಟಿ, ಅಂಕಿಗಳನ್ನೆಲ್ಲ ಅಳಿಸಿ ಆಡಿಸಿ. ನಡುವೆ ನಿಲ್ಲಿಸಿ ಕೇಳಿ: ವೇಗ ಎಷ್ಟಿತ್ತು? ಗಾಳಿ ಯಾವ ಕಡೆಯದು? ಹಿಂದೆ ಯಾರಾದರೂ ಇದ್ದರಾ? ದಣಿವು ಎಷ್ಟಾಗಿದೆ? ಉತ್ತರ ಅಂದಾಜಿಗೆ ಸರಿ ಬಂದರೆ ನಿಮ್ಮ ವಿವರಗಳು ಕೆಲಸ ಮಾಡುತ್ತಿವೆ. ಪರೀಕ್ಷೆಗೆ ಇಂಜಿನಿಯರಿಂಗ್ ಗೆಳೆಯರು ಬೇಡ, ಫೋನ್ ವಾಪಸ್ ಕೊಟ್ಟ ಅದೇ ಹುಡುಗರೇ ಬೇಕು.

ದುಡ್ಡಿನ ವಿಷಯಕ್ಕೆ ಬಂದರೆ, ಮೋಷನ್ ಕ್ಯಾಪ್ಚರ್ ಮಾಡಿಸಿದರೆ ಹಣವೆಲ್ಲ ಒಂದೇ ಏಟಿಗೆ ಹೋಗುತ್ತದೆ. ಬಂದ ದತ್ತಾಂಶ ಶುದ್ಧಗೊಳಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ನನ್ನನ್ನು ಕೇಳಿದರೆ ಒಂದು ಸಾಧಾರಣ ಸೌಂಡ್ ರೆಕಾರ್ಡರು ಮತ್ತು ಗಾಳಿ ತಡೆಯುವ ಅದರ ತುಪ್ಪಳದ ಟೊಪ್ಪಿಗೆ, ಎರಡು ಮೂರು ಅಗ್ಗದ ಹಳೆಯ ಫೋನುಗಳು ಇಷ್ಟನ್ನು ಕೊಳ್ಳಿ. ಉಳಿದದ್ದನ್ನು ಮನೆಯವರಿಗೆ ಹಿಂತಿರುಗಿಸಿ. ಕೋಣೆಯಲ್ಲಿ ಕೌದಿ ಹಾಸಿ, ಸೈಕಲ್ ತಲೆಕೆಳಗು ನಿಲ್ಲಿಸಿ, ಫ್ರೀವೀಲ್, ಗಿಯರ್, ಬ್ರೇಕು ಒಂದೊಂದಾಗಿ ರೆಕಾರ್ಡ್ ಮಾಡಿ. ಪ್ರತಿ ಶಬ್ದಕ್ಕೂ ಐದಾರು ಸಲ ಮಾಡಿ, ಆಟದಲ್ಲಿ ಅದಲುಬದಲಾಗಿ ನುಡಿಸಿ. ಒಂದೇ 'ಖಟಕ್' ಸತತ ಮೂರು ಸಲ ಬಂದರೆ ಕಿವಿ ಕಂಡುಹಿಡಿಯುತ್ತದೆ.

ಫೆಬ್ರವರಿಗೆ ಪೂರ್ತಿ ರೇಸ್ ತೋರಿಸುವ ಹಟ ಬಿಡಿ. ಸೇತುವೆಯ ಒಂದು ಹಂತ, ಗುಮ್ಮಟದ ಮುಂದಿನ ಕೊನೆಯ ಅರ್ಧ ಕಿಲೋಮೀಟರು, ಎರಡೇ ಸಾಕು. ಕಾಲು-ಗಿಯರ್ ಲೆಕ್ಕ ಮೊದಲು, ಗಾಳಿ ಶಬ್ದ ಆಮೇಲೆ, ಸೇತುವೆಯ ಸಂದು ಮೂರನೆಯದು. ಹೊತ್ತು ಉಳಿದರೆ ಮೈಕಿನ ದನಿ. ಪ್ರದರ್ಶನದ ದಿನ ಸಭಾಂಗಣದ ಗದ್ದಲದಲ್ಲಿ ಫೋನಿನ ಸ್ಪೀಕರು ಯಾರಿಗೂ ಕೇಳುವುದಿಲ್ಲ, ವೈರು ಇರುವ ಹೆಡ್‌ಫೋನ್ ಎರಡು ಜೊತೆ ತನ್ನಿ. ಹಲವು ಹೊಸ ಫೋನುಗಳಲ್ಲಿ ಅದರ ತೂತು ಇರುವುದಿಲ್ಲ, ಟೈಪ್-ಸಿ ಕನ್ವರ್ಟರು ಮರೆಯಬೇಡಿ.